ಸ್ಟ್ರಿಂಗ್ ಬದಲಿಸಿದ ಮೇಲೆ ಹಳೇ ಬೇಸ್ ಗಿಟಾರ್ ಝರ್ ಅನ್ನುತ್ತಿದೆ, ನೆಕ್ ಕೆಟ್ಟಿದೆಯಾ?

ಪ್ರಶ್ನೆ: ನಮ್ಮ ಚಿಕ್ಕಪ್ಪ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಬೇಸ್ ಗಿಟಾರ್ ಈಗ ನನ್ನ ಕೈಗೆ ಬಂದಿದೆ. ನಾಲ್ಕು ಸ್ಟ್ರಿಂಗ್‌ನದು, ಜಾಝ್ ಬೇಸ್ ಮಾದರಿ, ಮೂವತ್ತು ವರ್ಷಕ್ಕಿಂತ ಹಳೆಯದು. ಸ್ಟ್ರಿಂಗ್‌ಗಳು ಕಪ್ಪಾಗಿದ್ದವು ಅಂತ ಎಲ್ಲವನ್ನೂ ಬಿಚ್ಚಿದೆ. ಹೊಸ ಸೆಟ್ ಕೈಗೆ ಬರಲು ಮೂರು ವಾರ ಆಯಿತು. ಹಳೆಯವು ಮುಟ್ಟಿದರೆ ನುಣುಪಾಗಿದ್ದವು. ಹೊಸದರ ಮೇಲೆ ಬೆರಳು ಎಳೆದರೆ ಗರ್ರ್ ಅನ್ನುತ್ತದೆ, ಕವರ್ ಮೇಲೆ 40–100 ಅಂತ ಇದೆ. ಈಗ ಅತಿ ದಪ್ಪದ ಇ ಸ್ಟ್ರಿಂಗ್‌ನಲ್ಲಿ ಮೊದಲ ಮೂರ್ನಾಲ್ಕು ಫ್ರೆಟ್ (ನೆಕ್ ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದರೆ ಝರ್ ಅನ್ನುವ ಸದ್ದು. 12ನೇ ಫ್ರೆಟ್ ಕಡೆ ಹೋದರೆ ಸ್ಟ್ರಿಂಗ್ ಬಹಳ ಎತ್ತರ, ಬೆರಳು ನೋಯುತ್ತದೆ, ಸ್ವರವೂ ಸ್ವಲ್ಪ ಏರಿರುತ್ತದೆ. ಅಂಗಡಿಯಲ್ಲಿ ಕೇಳಿದರೆ ಸ್ಯಾಡಲ್ (ಮೈ ಮೇಲಿನ ಬ್ರಿಡ್ಜ್‌ನಲ್ಲಿ ಸ್ಟ್ರಿಂಗ್ ಕೂರುವ ಪುಟ್ಟ ಲೋಹದ ತುಂಡು) ಇನ್ನೂ ಎತ್ತಿ ಅಂದರು. ನೆಕ್ ಕೆಟ್ಟಿದೆಯಾ? ಮನೆಯಲ್ಲೇ ಸರಿ ಮಾಡಬಹುದಾ?
(ಸಾಗರದ ಓದುಗರು)

ಉತ್ತರ:

ನೆಕ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನೀವು ಬರೆದಿರುವ ಮೂರೂ ತೊಂದರೆಗೆ ಕಾರಣ ಎರಡೇ ಇರಬೇಕು: ನೆಕ್ ಹಿಂದಕ್ಕೆ ಬಾಗಿದೆ, ಸ್ಯಾಡಲ್ ಎತ್ತರ ಜಾಸ್ತಿ ಇದೆ. ಸ್ಯಾಡಲ್ ಮಾತ್ರ ದಯವಿಟ್ಟು ಇನ್ನೂ ಎತ್ತಬೇಡಿ. ಅದನ್ನು ಈಗಾಗಲೇ ಯಾರೋ ಬೇಕಾದ್ದಕ್ಕಿಂತ ಜಾಸ್ತಿ ಎತ್ತಿಟ್ಟಿದ್ದಾರೆ. ಅದಕ್ಕೇ 12ನೇ ಫ್ರೆಟ್ ಹತ್ತಿರ ಬೆರಳು ನೋಯುವುದು.

ಏನಾಗಿದೆ ಅಂತ ಮೊದಲು ನೋಡೋಣ. ಹಳೇ ಸ್ಟ್ರಿಂಗ್ ನುಣುಪಾಗಿದ್ದವು ಅಂದಿರಲ್ಲ, ಅವು ಫ್ಲಾಟ್‌ವೌಂಡ್. ಅಂದರೆ ಒಳಗಿನ ತಂತಿಯ ಮೇಲೆ ಚಪ್ಪಟೆ ಪಟ್ಟಿ ಸುತ್ತಿದ್ದು. ಈಗ ಹಾಕಿರುವುದು ದುಂಡು ತಂತಿ ಸುತ್ತಿದ ರೌಂಡ್‌ವೌಂಡ್, ಅದರಲ್ಲೂ ತೆಳು ಸೆಟ್. 40–100 ಅಂದರೆ ಅತಿ ತೆಳು ಸ್ಟ್ರಿಂಗ್ 0.040 ಇಂಚು, ಅತಿ ದಪ್ಪದ್ದು 0.100 ಇಂಚು. ಇಂಥ ಸೆಟ್ ಶ್ರುತಿಗೆ ಬಂದಾಗ ನಾಲ್ಕೂ ಸೇರಿ ನೆಕ್ ಅನ್ನು ಸುಮಾರು 70 ಕಿಲೋ ತೂಕದಷ್ಟು ಎಳೆಯುತ್ತವೆ. ದಪ್ಪನೆಯ ಫ್ಲಾಟ್‌ವೌಂಡ್ ಸೆಟ್ ಆದರೆ ಈ ಎಳೆತ 85 ಕಿಲೋ ಮುಟ್ಟಬಹುದು. ಅಷ್ಟು ಎಳೆತ ತಡೆಯಲಿ ಅಂತ ನೆಕ್ ಒಳಗೆ ಉಕ್ಕಿನ ಸರಳೊಂದನ್ನು ಹಾಕಿರುತ್ತಾರೆ. ಅದೇ ಟ್ರಸ್ ರಾಡ್. ಸ್ಟ್ರಿಂಗ್‌ಗಳು ನೆಕ್ ಅನ್ನು ಬಿಲ್ಲಿನ ಹಾಗೆ ಮುಂದಕ್ಕೆ ಬಗ್ಗಿಸುತ್ತವೆ, ರಾಡ್ ಹಿಂದಕ್ಕೆ ಎಳೆಯುತ್ತದೆ. ಎರಡೂ ಸಮ ಬಿದ್ದಾಗ ನೆಕ್ ಹೆಚ್ಚುಕಡಿಮೆ ನೇರ ನಿಲ್ಲುತ್ತದೆ.

ನಿಮ್ಮ ಚಿಕ್ಕಪ್ಪನವರು ಅಥವಾ ಅವರ ರಿಪೇರಿಯವರು ರಾಡ್ ಬಿಗಿ ಮಾಡಿದ್ದು ಆ ಹಳೇ ಎಳೆತಕ್ಕೆ ಲೆಕ್ಕ ಹಾಕಿ. ಈಗ ಎಳೆಯುವ ಕಡೆ ಹದಿನೈದು ಕಿಲೋದಷ್ಟು ಕಡಿಮೆಯಾಯಿತು. ರಾಡ್ ಮಾತ್ರ ಹಾಗೇ ಬಿಗಿಯಾಗಿದೆ. ಜೊತೆಗೆ ಮೂರು ವಾರ ಸ್ಟ್ರಿಂಗೇ ಇಲ್ಲದೆ ಇತ್ತು, ಅಷ್ಟೂ ದಿನ ರಾಡ್ ಒಂದೇ ನೆಕ್ ಅನ್ನು ಹಿಂದಕ್ಕೆ ಎಳೆದಿದೆ. ಹೀಗಾಗಿ ನೆಕ್ ಹಿಂದಕ್ಕೆ ಬಾಗಿ, ನಡುಭಾಗ ಸ್ವಲ್ಪ ಉಬ್ಬಿದೆ. ಮೊದಲ ಫ್ರೆಟ್‌ಗಳನ್ನು ಒತ್ತಿದಾಗ ಸ್ಟ್ರಿಂಗ್ ಆ ಉಬ್ಬಿಗೆ ಬಡಿಯುತ್ತದೆ. ಝರ್ ಅನ್ನುವುದು ಅದೇ.

ಇಲ್ಲಿ ಸ್ಯಾಡಲ್ ಎತ್ತಿದರೆ ಏನಾಗುತ್ತದೆ ಗೊತ್ತಾ? ಸ್ಯಾಡಲ್ ಇರುವುದು ಮೈ ಕಡೆಯ ತುದಿಯಲ್ಲಿ. ಅದನ್ನು ಒಂದು ಮಿಲಿಮೀಟರ್ ಎತ್ತಿದರೆ 12ನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಏರುತ್ತದೆ, ಮೊದಲ ಫ್ರೆಟ್ ಹತ್ತಿರ ಏರಿದ್ದು ಕಣ್ಣಿಗೇ ಕಾಣುವುದಿಲ್ಲ. ತೊಂದರೆ ಇರುವ ಜಾಗಕ್ಕೆ ಔಷಧಿ ಮುಟ್ಟುವುದೇ ಇಲ್ಲ, ಇಲ್ಲದ ಜಾಗದಲ್ಲಿ ಹೊಸ ತೊಂದರೆ. ಹಳೇ ಬೇಸ್‌ಗಳಲ್ಲಿ ನಾನು ಅತಿ ಹೆಚ್ಚು ನೋಡುವ ಅವಾಂತರ ಇದೇ. ನೆಕ್ ನೋಡದೆ ಸ್ಯಾಡಲ್ ಎತ್ತುತ್ತಾ ಹೋಗುತ್ತಾರೆ. ಆಮೇಲೆ "ಈ ಗಿಟಾರ್ ನುಡಿಸೋಕೆ ಕಷ್ಟ" ಅಂತ ಮೂಲೆಗಿಡುತ್ತಾರೆ. ಪಾಪ, ವಾದ್ಯದ ತಪ್ಪೇನೂ ಇರುವುದಿಲ್ಲ.

ಅದಕ್ಕೇ ಕ್ರಮ ಮುಖ್ಯ. ಮೊದಲು ಸ್ಟ್ರಿಂಗ್ ಸರಿಯಾಗಿ ಕೂತಿದೆಯಾ ನೋಡಿ ಶ್ರುತಿ ಮಾಡಿ. ಆಮೇಲೆ ನೆಕ್. ಆಮೇಲೆ ಎತ್ತರ. ಆಮೇಲೆ 12ನೇ ಫ್ರೆಟ್‌ನ ಸ್ವರ. ಪಿಕಪ್ (ಸ್ಟ್ರಿಂಗ್‌ನ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಕೊನೆಗೆ. ಹಿಂದಿನದನ್ನು ಮುಟ್ಟಿದರೆ ಮುಂದಿನದೆಲ್ಲ ಬದಲಾಗುತ್ತದೆ, ಆದ್ದರಿಂದ ಹಾರಿಸಿ ಮಾಡಿದರೆ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಸಾಮಾನು ಜಾಸ್ತಿ ಬೇಡ. ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲು, ಒಂದು ಟ್ಯೂನರ್, ಅಲೆನ್ ಕೀ ಸೆಟ್, ಒಳ್ಳೇ ಸ್ಕ್ರೂಡ್ರೈವರ್, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳ ಸೆಟ್). ಫೀಲರ್ ಗೇಜ್ ಹುಡುಕಿಕೊಂಡು ಗಿಟಾರ್ ಅಂಗಡಿಗೆ ಹೋಗಬೇಕಾಗಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಅಡ್ಜಸ್ಟ್ ಮಾಡುವುದು ಅದರಲ್ಲೇ, ಆಟೊಮೊಬೈಲ್ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅದೂ ಇಲ್ಲದಿದ್ದರೆ ಒಂದು ಇಸ್ಪೀಟ್ ಎಲೆ ಸಾಕು. ಅದರ ದಪ್ಪ ಸುಮಾರು 0.3 ಮಿಲಿಮೀಟರ್. ನಮಗೆ ಬೇಕಾದ ಅಳತೆಯೂ ಸರಿಸುಮಾರು ಅದೇ.

ಈಗ ಸ್ಟ್ರಿಂಗ್ ನೋಡಿ. ಪ್ರತಿ ಸ್ಟ್ರಿಂಗ್ ಪೋಸ್ಟ್‌ಗೆ (ತಲೆಯಲ್ಲಿ ಸ್ಟ್ರಿಂಗ್ ಸುತ್ತುವ ಪುಟ್ಟ ಕಂಬಕ್ಕೆ) ಎರಡು ಮೂರು ಸುತ್ತು ಬಂದಿರಬೇಕು, ಒಂದರ ಕೆಳಗೊಂದು ಇಳಿದಿರಬೇಕು. ಕೊನೆಯ ಸುತ್ತು ಕೆಳಗಿದ್ದಷ್ಟೂ ಸ್ಟ್ರಿಂಗ್ ನಟ್ ಮೇಲೆ ಗಟ್ಟಿಯಾಗಿ ಒತ್ತಿಕೊಂಡು ಕೂರುತ್ತದೆ. ನಟ್ ಅಂದರೆ ತಲೆಯ ಹತ್ತಿರ ಸ್ಟ್ರಿಂಗ್ ಹಾದುಹೋಗುವ ಕಚ್ಚು ಕೊರೆದ ಬಿಳಿ ಪಟ್ಟಿ. ಹೊಸ ಸೆಟ್ ಹಾಕುವಾಗ ತುದಿಯನ್ನು ಮೊದಲು 90 ಡಿಗ್ರಿ ಮಡಿಸಿ, ಆಮೇಲೆ ಮಡಿಕೆಯ ಆಚೆ ಕತ್ತರಿಸಬೇಕು. ಮಡಿಸದೆ ಕತ್ತರಿಸಿದರೆ ಕೆಲವು ಸ್ಟ್ರಿಂಗ್‌ಗಳಲ್ಲಿ ಹೊರಗಿನ ಸುತ್ತು ಒಳಗಿನ ತಂತಿಯ ಮೇಲೆ ಜಾರಿ ಸಡಿಲಾಗುತ್ತದೆ. ಹಾಗೆ ಆದ ಸ್ಟ್ರಿಂಗ್‌ನ ದನಿ ಸತ್ತ ಹಾಗಿರುತ್ತದೆ, ಅದಕ್ಕೆ ರಿಪೇರಿ ಇಲ್ಲ. ಇ ಸ್ಟ್ರಿಂಗ್ ಬಿಡಿಯಾಗಿ, ಅಂದರೆ ಯಾವ ಫ್ರೆಟ್ಟನ್ನೂ ಒತ್ತದೆ, ಮೀಟಿದರೂ ಮಂಕಾಗಿದೆ, ಬೇಗ ನಿಲ್ಲುತ್ತದೆ ಅನ್ನಿಸಿದರೆ ಇದೊಂದು ಅನುಮಾನ ಇಟ್ಟುಕೊಳ್ಳಿ.

ಇನ್ನೊಂದು ಚಿಕ್ಕ ಕೆಲಸ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸ ದಪ್ಪ ಸ್ಟ್ರಿಂಗ್ ಸ್ಯಾಡಲ್ ಮೇಲಿಂದ ಹೊರಡುವಾಗ ಚೂಪಾಗಿ ಬಗ್ಗುವುದಿಲ್ಲ. ಹತ್ತಿರದಿಂದ ನೋಡಿ, ಸ್ಯಾಡಲ್ ಬಿಟ್ಟ ಮೇಲೂ ಒಂದೆರಡು ಮಿಲಿಮೀಟರ್ ಕಮಾನಿನಂತೆ ಎದ್ದಿರುತ್ತದೆ. ಆ ಜಾಗದಲ್ಲಿ, ಸ್ಯಾಡಲ್‌ನ ಮುಂದೆಯೇ, ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ. ನಟ್‌ನ ಮುಂದೆಯೂ ಹಾಗೇ ಮಾಡಿ. ಸ್ಟ್ರಿಂಗ್ ನೇರ ಗೆರೆಯಲ್ಲಿ ಕೂರುತ್ತದೆ. ಇಷ್ಟರಿಂದಲೇ ಸ್ವರದ ತಪ್ಪು ಅರ್ಧ ಹೋಗಿದ್ದನ್ನು ನೋಡಿದ್ದೇನೆ.

ಶ್ರುತಿ ಮಾಡುವಾಗ ಫೋನಿನ ಆಪ್ ಇ ಸ್ಟ್ರಿಂಗ್‌ನಲ್ಲಿ ಒದ್ದಾಡಬಹುದು. ಬಿಡಿ ಇ ಸ್ವರ 41 ಹರ್ಟ್ಸ್ ಅಷ್ಟೇ, ಅಷ್ಟು ಕೆಳಗಿನ ಸದ್ದು ಫೋನಿನ ಮೈಕ್‌ಗೆ ಸರಿಯಾಗಿ ಕೇಳುವುದಿಲ್ಲ. 12ನೇ ಫ್ರೆಟ್ ನೇರ ಮೇಲೆ ಬೆರಳನ್ನು ಸುಮ್ನೆ ತಾಗಿಸಿ ಮೀಟಿ, ಗಂಟೆಯಂಥ ಸ್ವರ ಬರುತ್ತದೆ. ಅದಕ್ಕೆ ಹಾರ್ಮೋನಿಕ್ ಅಂತಾರೆ. ಅದು 82 ಹರ್ಟ್ಸ್, ಆಪ್ ತಕ್ಷಣ ಹಿಡಿಯುತ್ತದೆ. ಕೇಬಲ್ ಹಾಕಿ ನೋಡುವ ಟ್ಯೂನರ್ ಇದ್ದರೆ ಇನ್ನೂ ಒಳ್ಳೇದು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಿ. ಮೇಲೆ ಹೋಗಿಬಿಟ್ಟರೆ ಪೂರ್ತಿ ಇಳಿಸಿ ಮತ್ತೆ ಏರಿಸಿ. ಶ್ರುತಿ ಮಾಡುವ ಹಳೇ ಕೀಗಳ ಹಲ್ಲು ಸವೆದಿರುತ್ತದೆ, ಇಳಿಸಿ ನಿಲ್ಲಿಸಿದರೆ ಜಾರುತ್ತದೆ.

ಶ್ರುತಿ ಮಾಡಿ ಒಂದು ರಾತ್ರಿ ಬಿಡಿ. ಮೂರು ವಾರ ಬರಿದಾಗಿದ್ದ ನೆಕ್ ಹೊಸ ಎಳೆತಕ್ಕೆ ಹೊಂದಿಕೊಳ್ಳಲಿ. ಮಾರನೇ ದಿನ ಮತ್ತೆ ಶ್ರುತಿ ಮಾಡಿ ಆಮೇಲೆ ಅಳತೆಗೆ ಕೂರಿ.

ನೆಕ್ ಅಳೆಯುವುದು ಹೀಗೆ. ಗಿಟಾರನ್ನು ನುಡಿಸುವ ಭಂಗಿಯಲ್ಲೇ ಹಿಡಿಯಿರಿ, ಮಲಗಿಸಿದರೆ ನೆಕ್‌ನ ತೂಕ ಅಳತೆ ಕೆಡಿಸುತ್ತದೆ. ಇ ಸ್ಟ್ರಿಂಗನ್ನು ಒಂದನೇ ಫ್ರೆಟ್‌ನಲ್ಲಿ ಒಂದು ಬೆರಳಿಂದ ಒತ್ತಿ. ಇನ್ನೊಂದು ಕೈಯಿಂದ ಅದೇ ಸ್ಟ್ರಿಂಗನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ಆ ಸ್ಟ್ರಿಂಗೇ ನಿಮ್ಮ ಅಳತೆಪಟ್ಟಿ, ಅದಕ್ಕಿಂತ ನೇರವಾದದ್ದು ಮನೆಯಲ್ಲಿ ಇನ್ನೊಂದಿಲ್ಲ. 7 ಅಥವಾ 8ನೇ ಫ್ರೆಟ್ ಹತ್ತಿರ ಸ್ಟ್ರಿಂಗ್‌ಗೂ ಫ್ರೆಟ್ ತಲೆಗೂ ನಡುವೆ ಎಷ್ಟು ಸಂದಿ ಇದೆ ಅಂತ ಮನೆಯವರು ಯಾರಾದರೂ ಗೇಜ್ ತೂರಿಸಿ ನೋಡಲಿ. ಕೇಪೋ (ಸ್ಟ್ರಿಂಗ್‌ಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಇದ್ದರೆ ಒಂದನೇ ಫ್ರೆಟ್‌ಗೆ ಹಾಕಿಕೊಳ್ಳಿ, ಒಬ್ಬರೇ ಮಾಡಬಹುದು. ಹಿಂದೆ ಬೆಳಕು ಬರುವ ಕಿಟಕಿ ಇರಲಿ.

ಬೇಕಾದ ಸಂದಿ ಸುಮಾರು 0.3 ಮಿಲಿಮೀಟರ್. ಇಸ್ಪೀಟ್ ಎಲೆ ಸ್ಟ್ರಿಂಗ್ ಎತ್ತದೆ ಲಘುವಾಗಿ ಉಜ್ಜಿಕೊಂಡು ಹೋಗಬೇಕು. ನೆಕ್ ಪೂರ್ತಿ ನೇರ ಇದ್ದರೆ ಒಳ್ಳೇದಲ್ವಾ ಅಂತ ಅನ್ನಿಸಬಹುದು. ಬೇಸ್ ಸ್ಟ್ರಿಂಗ್ ಮೀಟಿದಾಗ ನಡುವಿನಲ್ಲಿ ಅಗಲವಾಗಿ ಆಡುತ್ತದೆ, ಆ ಆಟಕ್ಕೆ ಜಾಗ ಬೇಕು. ಅದಕ್ಕೇ ಈ ಸಣ್ಣ ತಗ್ಗು. ನಿಮ್ಮದರಲ್ಲಿ ಸಂದಿಯೇ ಇರುವುದಿಲ್ಲ, ಸ್ಟ್ರಿಂಗ್ ಫ್ರೆಟ್‌ಗಳ ಮೇಲೆ ಮಲಗಿರುತ್ತದೆ ಅಂತ ನನ್ನ ಅಂದಾಜು. ಹಾಗಿದ್ದರೆ ನಾನು ಹೇಳಿದ ಕಾರಣ ಸರಿ. ಅಕಸ್ಮಾತ್ ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ಸಂದಿ ಕಂಡರೆ ಕಥೆ ಬೇರೆ. ಆಗ ರಾಡ್ ಮುಟ್ಟಬೇಡಿ, ಮುಂದೆ ಹೇಳುವ ಫ್ರೆಟ್ ಪರೀಕ್ಷೆ ಮಾಡಿ.

ಈಗ ರಾಡ್. ಜಾಝ್ ಬೇಸ್ ಮಾದರಿಗಳಲ್ಲಿ ಅದರ ತುದಿ ಎರಡು ಜಾಗದಲ್ಲಿ ಇರಬಹುದು. ತಲೆಯ ಹತ್ತಿರ ನಟ್‌ನ ಹಿಂದೆ ತೂತು ಕಂಡರೆ ಅಲೆನ್ ಕೀ ಹಾಕಬಹುದು. ಅಲ್ಲಿ ಏನೂ ಕಾಣದಿದ್ದರೆ ನೆಕ್ ಮೈಗೆ ಸೇರುವ ಬುಡದಲ್ಲಿರುತ್ತದೆ, ಅಡ್ಡಗೆರೆ ಇರುವ ಸ್ಕ್ರೂ ತಲೆ. ಅದಕ್ಕೆ ಸ್ಟ್ರಿಂಗ್ ಸಡಿಲಿಸಿ, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಎತ್ತಿ ತಿರುಗಿಸಿ, ಮತ್ತೆ ಜೋಡಿಸಿ ನೋಡಬೇಕು. ಬೇಸರದ ಕೆಲಸ, ಆದರೆ ಕಷ್ಟದ್ದಲ್ಲ. ಸ್ಕ್ರೂ ಮತ್ತೆ ಹಾಕುವಾಗ ಮೊದಲು ಕೈಯಿಂದ ಹಿಂದಕ್ಕೆ ತಿರುಗಿಸಿ, ಹಳೇ ಥ್ರೆಡ್‌ಗೆ ಟಕ್ ಅಂತ ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ. ಇಲ್ಲದಿದ್ದರೆ ಮರದಲ್ಲಿ ಹೊಸ ಥ್ರೆಡ್ ಕೊರೆದು ತೂತು ದೊಡ್ಡದಾಗುತ್ತದೆ.

ಕೀ ಅಳತೆ ಸರಿಯಾಗಿ ಕೂರಲೇಬೇಕು. ಇಂಚಿನದಕ್ಕೆ ಮಿಲಿಮೀಟರ್ ಕೀ ಹತ್ತಿರಹತ್ತಿರ ಕೂತ ಹಾಗೆ ಅನ್ನಿಸುತ್ತದೆ, ತಿರುಗಿಸಿದರೆ ಮೂಲೆಗಳು ಸವೆದು ದುಂಡಾಗುತ್ತವೆ. ಸ್ವಲ್ಪವೂ ಅಲುಗಾಡದ ಕೀ ಸಿಗುವ ತನಕ ಕಾಯಿರಿ.

ನಿಮಗೆ ಬೇಕಾದ್ದು ಸಡಿಲಿಸುವುದು, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕು. ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ, ಏಕೆಂದರೆ ನೆಕ್ ಮುಂದಕ್ಕೆ ಬಂದಾಗ ಸ್ವರ ಇಳಿದಿರುತ್ತದೆ. ಮತ್ತೆ ಅಳೆಯಿರಿ. ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಹಳೇ ಮರ ನಿಧಾನ, ತಿರುಗಿಸಿದ್ದರ ಪೂರ್ತಿ ಫಲ ಕೆಲವೊಮ್ಮೆ ಮಾರನೇ ದಿನ ಕಾಣುತ್ತದೆ. ಸರಿ ಅಳತೆಗೆ ಇನ್ನೂ ಒಂದಿಷ್ಟು ಇದೆ ಅನ್ನುವಾಗಲೇ ನಿಲ್ಲಿಸಿ ಬೆಳಿಗ್ಗೆ ನೋಡಿ.

ಕೀ ತಿರುಗದೆ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ಮಲೆನಾಡಿನ ತೇವಕ್ಕೆ ಮೂವತ್ತು ವರ್ಷದಲ್ಲಿ ತುಕ್ಕು ಹಿಡಿದಿರುವುದು ಸಹಜ. ಹತ್ತಿ ಕಡ್ಡಿಯಲ್ಲಿ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಮುಟ್ಟಿಸಿ ಒಂದು ದಿನ ಬಿಡಿ. ಸ್ಪ್ರೇ ಹೊಡೆಯಬೇಡಿ, ಮರ ಎಣ್ಣೆ ಕುಡಿಯುತ್ತದೆ. ಆಗಲೂ ತಿರುಗದಿದ್ದರೆ ರಿಪೇರಿಯವರ ಕೈಗೆ ಕೊಡಿ. ರಾಡ್ ಮುರಿದರೆ ಫ್ರೆಟ್‌ಬೋರ್ಡ್ ಎಬ್ಬಿಸಿಯೇ ತೆಗೆಯಬೇಕು, ಆ ಖರ್ಚಿಗೆ ಇನ್ನೊಂದು ನೆಕ್ ಬರುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ರಾಡ್ ಪೂರ್ತಿ ಸಡಿಲವಾಗಿ ಕೀ ಬರಿದೇ ತಿರುಗುತ್ತಿದೆ, ನೆಕ್ ಮಾತ್ರ ಇನ್ನೂ ಹಿಂದಕ್ಕೇ ಬಾಗಿದೆ. ಹಳೇ ಬೇಸ್‌ಗಳ ರಾಡ್ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಹಿಂದಕ್ಕೆ ಎಳೆಯಬಲ್ಲದು, ಮುಂದಕ್ಕೆ ತಳ್ಳಲಾರದು. ಆಗ ದಾರಿ ಒಂದೇ, ಜಾಸ್ತಿ ಎಳೆಯುವ ಸ್ಟ್ರಿಂಗ್ ಹಾಕುವುದು.

ಇಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ. ನಿಮ್ಮ ಚಿಕ್ಕಪ್ಪನವರ ಬೇಸ್‌ಗೆ ಮತ್ತೆ ಫ್ಲಾಟ್‌ವೌಂಡ್ ಹಾಕುವುದನ್ನು ಯೋಚಿಸಿ. ಹಳೇ ಸೆಟ್ ಎಸೆದಿಲ್ಲ ಅಂದುಕೊಳ್ಳುತ್ತೇನೆ. ಅದರ ಇ ಸ್ಟ್ರಿಂಗ್ ದಪ್ಪವನ್ನು ಸ್ಕ್ರೂ ಗೇಜ್‌ನಲ್ಲಿ ಅಳೆಯಿರಿ. ಪಿಯುಸಿ ಲ್ಯಾಬ್‌ನಲ್ಲಿ ತಂತಿಯ ವ್ಯಾಸ ಅಳೆಯುತ್ತಿದ್ದೆವಲ್ಲ, ಅದೇ ಉಪಕರಣ. 2.67 ಮಿಲಿಮೀಟರ್ ಬಂದರೆ 0.105 ಇಂಚಿನ ಸ್ಟ್ರಿಂಗ್, 2.79 ಬಂದರೆ 0.110. ಮುಂದಿನ ಸೆಟ್ ಕೊಳ್ಳುವಾಗ ಈ ಅಂಕಿ ಇಟ್ಟುಕೊಂಡು ಕೊಳ್ಳಿ.

ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗಲೂ, 1960ರಲ್ಲಿ ಜಾಝ್ ಬೇಸ್ ತಂದಾಗಲೂ ಈ ವಾದ್ಯಗಳ ಮೇಲೆ ಇದ್ದದ್ದು ಫ್ಲಾಟ್‌ವೌಂಡ್. ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ ದಿ ಹೂ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಜೊತೆ ಸೇರಿ 1966ರಲ್ಲಿ ರೌಂಡ್‌ವೌಂಡ್ ಬೇಸ್ ಸ್ಟ್ರಿಂಗ್ ರೂಪಿಸಿತು. ಪಿಯಾನೋದ ಹಾಗೆ ಖಣಿಲ್ ಅನ್ನುವ ದನಿ ರಾಕ್ ಸಂಗೀತದಲ್ಲಿ ಹರಡಿದ್ದು ಅಲ್ಲಿಂದ ಈಚೆಗೆ. ಅತ್ತ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ದಪ್ಪ ಫ್ಲಾಟ್‌ವೌಂಡನ್ನು ತುಂಡಾಗುವ ತನಕ ಬದಲಿಸುತ್ತಲೇ ಇರಲಿಲ್ಲ. ಆ ದುಂಡನೆಯ, ಚಿಕ್ಕದಾಗಿ ನಿಲ್ಲುವ ದನಿ ಇವತ್ತಿಗೂ ಜಗತ್ತಿನ ಬೇಸ್ ವಾದಕರಿಗೆಲ್ಲ ಮಾದರಿ. ನಮ್ಮ ಹಳೇ ಸಿನಿಮಾ ಹಾಡುಗಳನ್ನು ನುಡಿಸುವ ಆಸೆ ಇದ್ದರೆ ಫ್ಲಾಟ್‌ವೌಂಡೇ ಹೊಂದುತ್ತದೆ. ಹೊಸ ಕಾಲದ ಸ್ಲ್ಯಾಪ್ (ಹೆಬ್ಬೆರಳಿಂದ ಸ್ಟ್ರಿಂಗ್ ಹೊಡೆಯುವ ಶೈಲಿ) ನುಡಿಸಬೇಕಾದರೆ ಈಗಿನದೇ ಇರಲಿ. ಯಾವುದಾದರೂ ಸರಿ, ಮೊದಲು ತೀರ್ಮಾನ ಮಾಡಿ, ಆಮೇಲೆ ಈ ಕೆಲಸಕ್ಕೆ ಕೂರಿ. ಸೆಟ್ ಬದಲಿಸಿದರೆ ಇಷ್ಟೂ ಅಳತೆ ಮತ್ತೆ ನೋಡಬೇಕಾಗುತ್ತದೆ.

ನೆಕ್ ಸರಿಯಾಯಿತು ಅಂದುಕೊಳ್ಳೋಣ. ಈಗ ಎತ್ತರ. ರಾಡ್ ಸಡಿಲಿಸಿದ್ದರಿಂದ ಸ್ಟ್ರಿಂಗ್ ಇನ್ನೂ ಸ್ವಲ್ಪ ಮೇಲೆದ್ದಿರುತ್ತದೆ. ಗಾಬರಿ ಬೇಡ, ಅದನ್ನು ಇಳಿಸುವ ಜಾಗ ಇದು. 17ನೇ ಫ್ರೆಟ್ ಮೇಲೆ ಸ್ಕೇಲ್ ನಿಲ್ಲಿಸಿ, ಫ್ರೆಟ್ ತಲೆಯಿಂದ ಸ್ಟ್ರಿಂಗ್‌ನ ಕೆಳಬದಿಗೆ ಅಳೆಯಿರಿ. ಇ ಕಡೆ 2.4 ಮಿಲಿಮೀಟರ್, ಅತಿ ತೆಳು ಸ್ಟ್ರಿಂಗ್ ಆದ ಜಿ ಕಡೆ 2 ಮಿಲಿಮೀಟರ್ ಒಳ್ಳೇ ಆರಂಭ. ನಡುವಿನ ಎರಡು ಇವುಗಳ ನಡುವೆ ಬರಲಿ. ಫ್ರೆಟ್‌ಬೋರ್ಡ್ ಅಡ್ಡಕ್ಕೆ ಸ್ವಲ್ಪ ಉಬ್ಬಿರುತ್ತದೆ, ಸ್ಯಾಡಲ್‌ಗಳೂ ಅದೇ ಉಬ್ಬನ್ನು ಅನುಸರಿಸಬೇಕು.

ಒಂದೊಂದು ಸ್ಯಾಡಲ್‌ಗೂ ಎರಡು ಪುಟ್ಟ ಸ್ಕ್ರೂ ಕಾಲುಗಳಿವೆ. ಇವು ತುಕ್ಕು ಹಿಡಿದಿದ್ದರೆ ಮತ್ತದೇ ಒಂದು ಹನಿ ಎಣ್ಣೆ, ಒಂದು ದಿನದ ಕಾಯುವಿಕೆ. ಎರಡನ್ನೂ ಸಮವಾಗಿ ಇಳಿಸಿ, ಸ್ಯಾಡಲ್ ಓರೆಯಾಗಬಾರದು. ಒಂದು ಕಾಲು ಬ್ರಿಡ್ಜ್ ತಟ್ಟೆಗೆ ತಾಗದೆ ತೇಲುತ್ತಿದ್ದರೆ ಅದೇ ಝರ್ ಅನ್ನಬಹುದು, ನೆಕ್ ಮೇಲೆ ತಪ್ಪು ಹೊರಿಸುವ ಮೊದಲು ಬೆರಳಿಂದ ಅಲ್ಲಾಡಿಸಿ ನೋಡಿ. ಸ್ಯಾಡಲ್ ಪೂರ್ತಿ ತಳ ಮುಟ್ಟಿದರೂ ಸ್ಟ್ರಿಂಗ್ ಎತ್ತರವೇ ಇದ್ದರೆ ನೆಕ್ ಕೂತಿರುವ ಕೋನ ಸರಿಯಿಲ್ಲ ಅಂತ ಅರ್ಥ. ನೆಕ್ ಬುಡದ ಕೆಳಗೆ ತೆಳು ಚಕ್ಕೆ ಇಟ್ಟು ಕೋನ ಬದಲಿಸುತ್ತಾರೆ. ಅದನ್ನು ಗೊತ್ತಿದ್ದವರಿಂದ ಮಾಡಿಸಿ.

ಇಳಿಸಿದ ಮೇಲೆ ಪ್ರತಿ ಸ್ಟ್ರಿಂಗ್‌ನ ಪ್ರತಿ ಫ್ರೆಟ್ ಒತ್ತಿ, ನೀವು ನಿಜವಾಗಿ ನುಡಿಸುವಷ್ಟೇ ಬಲವಾಗಿ ಮೀಟಿ. ಆಂಪ್ಲಿಫೈಯರ್ ಇಲ್ಲದೆ ಒಂದು ಸಲ, ಇಟ್ಟು ಒಂದು ಸಲ. ಬರಿಗಿವಿಗೆ ಕೇಳುವ ಸಣ್ಣ ಕರಕರ ಆಂಪ್‌ನಲ್ಲಿ ಕೇಳದಿದ್ದರೆ ಬಿಟ್ಟುಬಿಡಿ. ಬೇಸ್‌ನಲ್ಲಿ ಅಷ್ಟು ಇದ್ದೇ ಇರುತ್ತದೆ.

ಎಲ್ಲ ಕಡೆ ಸರಿ ಇದ್ದು ಒಂದೇ ಜಾಗದಲ್ಲಿ ಝರ್ ಉಳಿದರೆ ಒಂದು ಫ್ರೆಟ್ ಎದ್ದಿರಬಹುದು. ಹಳೇ ಎಟಿಎಂ ಕಾರ್ಡಿನ ಉದ್ದನೆಯ ಅಂಚನ್ನು ಸ್ಟ್ರಿಂಗ್ ಓಡುವ ದಿಕ್ಕಿನಲ್ಲೇ ಮೂರು ಫ್ರೆಟ್ ಮೇಲೆ ನಿಲ್ಲಿಸಿ ತೂಗಿ ನೋಡಿ. ತೂಗಾಡಿದರೆ ನಡುವಿನದು ಎದ್ದಿದೆ. ನಟ್‌ನಿಂದ ಸ್ಯಾಡಲ್ ತನಕ ಸ್ಟ್ರಿಂಗ್ ಉದ್ದ 34 ಇಂಚು ಇರುವ ಬೇಸ್‌ನಲ್ಲಿ ಎರಡನೇ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 84 ಮಿಲಿಮೀಟರ್, ಕಾರ್ಡ್ ಉದ್ದ ಸುಮಾರು 85.6. ಹಾಗಾಗಿ ಅಲ್ಲಿಂದ ಮೇಲಕ್ಕೆ ಕಾರ್ಡ್ ನಡೆಯುತ್ತದೆ. ಒಂದರಿಂದ ಮೂರಕ್ಕೆ ಸುಮಾರು 89 ಇದೆ, ಕಾರ್ಡ್ ಮುಟ್ಟುವುದಿಲ್ಲ, ಅಲ್ಲಿಗೆ ಸ್ಟೀಲ್ ಸ್ಕೇಲಿನ ಅಂಚು ಬಳಸಿ. ಎದ್ದ ಫ್ರೆಟ್ ಕಂಡರೆ ನೀವೇ ಅರ ಹಿಡಿಯಬೇಡಿ. ಅದು ಅಭ್ಯಾಸ ಇದ್ದವರ ಕೆಲಸ.

ನಟ್ ಬಗ್ಗೆ ಒಂದು ಮಾತು. ಝರ್ ಸದ್ದು ಯಾವ ಫ್ರೆಟ್ಟನ್ನೂ ಒತ್ತದೆ, ಬಿಡಿ ಸ್ಟ್ರಿಂಗ್‌ನಲ್ಲಿ ಮಾತ್ರ ಬಂದರೆ ಅನುಮಾನ ನಟ್ ಮೇಲೆ. ದಪ್ಪ ಸ್ಟ್ರಿಂಗ್‌ಗೆ ಕೊರೆದ ಕಚ್ಚಿನಲ್ಲಿ ತೆಳು ಸ್ಟ್ರಿಂಗ್ ಅಗಲಕ್ಕೆ ಸಡಿಲಾಗಿ ಅಲುಗುತ್ತದೆ. ಪರೀಕ್ಷೆ ಸುಲಭ. ಸ್ಟ್ರಿಂಗನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ, ಒಂದನೇ ಫ್ರೆಟ್ ಮೇಲೆ ನೋಡಿ. ಕೂದಲೆಳೆಯಷ್ಟು ಸಂದಿ ಇರಬೇಕು. ಸಂದಿಯೇ ಇಲ್ಲದಿದ್ದರೆ ಕಚ್ಚು ಆಳವಾಗಿದೆ, ಹೊಸ ನಟ್ ಬೇಕು. ಸಂದಿ ಧಾರಾಳವಾಗಿದ್ದರೆ ಕಚ್ಚು ಎತ್ತರ, ಅದನ್ನೂ ಸರಿಯಾದ ಅರದಿಂದಲೇ ಇಳಿಸಬೇಕು. ಶ್ರುತಿ ಮಾಡುವಾಗ ನಟ್ ಹತ್ತಿರ ಟಿಕ್ ಟಿಕ್ ಅಂದರೆ ಸ್ಟ್ರಿಂಗ್ ಸಿಕ್ಕಿಕೊಳ್ಳುತ್ತಿದೆ, ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ.

ಇನ್ನು 12ನೇ ಫ್ರೆಟ್‌ನಲ್ಲಿ ಸ್ವರ ಏರುವುದು. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಮೇಳ ಕಟ್ಟುವವರು ಒಂದೊಂದೇ ಮೆಟ್ಟಿಲು ಸರಿಸಿ ಕೂರಿಸುತ್ತಾರೆ. ಗಿಟಾರ್‌ನಲ್ಲಿ ಫ್ರೆಟ್ ಮರಕ್ಕೆ ಹೊಡೆದು ಕೂರಿಸಿದ್ದು, ಸರಿಸುವ ಹಾಗಿಲ್ಲ. ಆದ್ದರಿಂದ ಸ್ಟ್ರಿಂಗ್‌ನ ಉದ್ದವನ್ನೇ ಸ್ಯಾಡಲ್ ಹಿಂದೆ ಮುಂದೆ ಮಾಡಿ ಹೊಂದಿಸಬೇಕು. 34 ಇಂಚು ಅಂದರೆ 864 ಮಿಲಿಮೀಟರ್, 12ನೇ ಫ್ರೆಟ್ ಇರುವುದು ಅದರ ಸರಿ ಅರ್ಧಕ್ಕೆ, 432ರಲ್ಲಿ. ಲೆಕ್ಕದ ಪ್ರಕಾರ ಅಲ್ಲಿ ಒತ್ತಿದರೆ ಸರಿಯಾಗಿ ಮೇಲಿನ ಸ್ಥಾಯಿಯ ಅದೇ ಸ್ವರ ಬರಬೇಕು. ಆದರೆ ಒತ್ತಿದಾಗ ಸ್ಟ್ರಿಂಗ್ ಸ್ವಲ್ಪ ಜಗ್ಗಿ ಸ್ವರ ಏರುತ್ತದೆ. ಎತ್ತರ ಜಾಸ್ತಿ ಇದ್ದಷ್ಟೂ ಜಗ್ಗುವುದು ಜಾಸ್ತಿ. ನೀವು ಎತ್ತರ ಇಳಿಸಿದ್ದರಿಂದಲೇ ಈ ತಪ್ಪು ಒಂದಿಷ್ಟು ಹೋಗಿರುತ್ತದೆ.

ಉಳಿದದ್ದಕ್ಕೆ ಹೀಗೆ ಮಾಡಿ. 12ರ ಹಾರ್ಮೋನಿಕ್ ನುಡಿಸಿ ಟ್ಯೂನರ್ ನೋಡಿ. ಅದೇ ಫ್ರೆಟ್ ಒತ್ತಿ ನುಡಿಸಿ ಮತ್ತೆ ನೋಡಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಅಂದರೆ ನೆಕ್‌ನಿಂದ ದೂರಕ್ಕೆ. ಇಳಿದಿದ್ದರೆ ಮುಂದಕ್ಕೆ. ಬ್ರಿಡ್ಜ್‌ನ ಹಿಂಬದಿಯ ಉದ್ದ ಸ್ಕ್ರೂ ಬಿಗಿ ಮಾಡಿದರೆ ಸ್ಯಾಡಲ್ ಹಿಂದಕ್ಕೆ ಬರುತ್ತದೆ. ಸರಿಸುವ ಮೊದಲು ಸ್ಟ್ರಿಂಗ್ ಸ್ವಲ್ಪ ಸಡಿಲಿಸಿಕೊಳ್ಳಿ, ಇಲ್ಲದಿದ್ದರೆ ಸ್ಕ್ರೂ ತಲೆ ಹಾಳಾಗುತ್ತದೆ. ಸರಿಸಿದ ಮೇಲೆ ಶ್ರುತಿ, ಮತ್ತೆ ಹೋಲಿಕೆ. ಎರಡು ಮೂರು ಸೆಂಟ್ಸ್ (ಸೆಂಟ್ ಅಂದರೆ ಅರ್ಧ ಸ್ವರದ ನೂರರಲ್ಲಿ ಒಂದು ಭಾಗ) ವ್ಯತ್ಯಾಸ ಉಳಿದರೆ ಸಾಕು, ನುಡಿಸುವಾಗ ಬೆರಳಿನ ಒತ್ತಡವೇ ಅಷ್ಟು ಬದಲಾಗುತ್ತದೆ. ಕೆಲಸ ಮುಗಿದಾಗ ಇ ಸ್ಯಾಡಲ್ ಎಲ್ಲಕ್ಕಿಂತ ಹಿಂದೆ, ಜಿ ಎಲ್ಲಕ್ಕಿಂತ ಮುಂದೆ ಇರುವುದು ವಾಡಿಕೆ.

ಪಿಕಪ್ ಬಗ್ಗೆ ಜಾಸ್ತಿ ಇಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದು ಸ್ಟ್ರಿಂಗ್‌ಗೂ ಪಿಕಪ್‌ಗೂ ನಡುವೆ ಇ ಕಡೆ 2.5ರಿಂದ 3 ಮಿಲಿಮೀಟರ್, ಜಿ ಕಡೆ 2 ಮಿಲಿಮೀಟರ್ ಬಿಡಿ. ತೀರಾ ಹತ್ತಿರ ಇದ್ದರೆ ಅಯಸ್ಕಾಂತ ಸ್ಟ್ರಿಂಗನ್ನೇ ಎಳೆದು ಸ್ವರ ನಡುಗಿಸುತ್ತದೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಒಳಗೆ ಧೂಳು. ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ, ಬೆಂಗಳೂರಿಗೆ ಹೋದರೆ ಎಸ್.ಪಿ. ರೋಡ್‌ನಲ್ಲಿ ಕೇಳಿ. ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗ) ಒಳಗೆ ಒಂದು ಚಿಮುಕು ಹಾಕಿ ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ.

ಆಂಪ್‌ಗೆ ಹಾಕಿ ಸ್ಟ್ರಿಂಗ್ ಮುಟ್ಟಿದಾಗ ಕೈ ಜುಮ್ ಅಂದರೆ ತಕ್ಷಣ ಪ್ಲಗ್ ಕಿತ್ತುಬಿಡಿ. ಅದು ಆಂಪ್‌ನ ಅಥವಾ ಮನೆ ವೈರಿಂಗ್‌ನ ಅರ್ಥಿಂಗ್ ತೊಂದರೆ, ಗಿಟಾರ್‌ನದಲ್ಲ. ಎಲೆಕ್ಟ್ರಿಷಿಯನ್ ನೋಡುವ ತನಕ ಮುಟ್ಟಬೇಡಿ. ಹಳೇ ಆಂಪ್‌ಗೆ ಮೂರನೇ ಪಿನ್ ಇಲ್ಲದ ಪ್ಲಗ್ ಹಾಕಿಕೊಂಡು ನುಡಿಸುವವರು ಇನ್ನೂ ಇದ್ದಾರೆ. ಇದು ಜೀವದ ಪ್ರಶ್ನೆ.

ಸಾಗರದಲ್ಲಿ ಇರುವುದರಿಂದ ಮಳೆಗಾಲದ ವಿಷಯ ಹೇಳಲೇಬೇಕು. ಮರ ತೇವ ಕುಡಿದಾಗ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನೆಕ್‌ನ ಮರವನ್ನು ನೋಡಿಕೊಂಡು ಅದು ಮುಂದಕ್ಕೋ ಹಿಂದಕ್ಕೋ ಸ್ವಲ್ಪ ಚಲಿಸುತ್ತದೆ. ಆದ್ದರಿಂದ ಮಳೆ ಹಿಡಿದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ 7ನೇ ಫ್ರೆಟ್‌ನ ಸಂದಿ ಅಳೆಯಿರಿ. ಕಾಲು ಸುತ್ತಿನ ಕೆಲಸ, ಕೆಲವು ವರ್ಷ ಅದೂ ಬೇಡ. ಗೋಡೆಗೆ ಒರಗಿಸಿ ಇಡಬೇಡಿ, ಮಳೆಗಾಲದ ಗೋಡೆಯ ತೇವ ನೆಕ್‌ಗೆ ಒಳ್ಳೇದಲ್ಲ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಸ್ಟ್ರಿಂಗ್ ಒರೆಸಿ. ಫ್ರೆಟ್‌ಬೋರ್ಡ್ ಕಂದು ಬಣ್ಣದ ರೋಸ್‌ವುಡ್ ಆಗಿದ್ದು ಒಣಗಿ ಬಿಳಿಚಿದ್ದರೆ ಫ್ರೆಟ್‌ಬೋರ್ಡ್ ಎಣ್ಣೆ ಒಂದೆರಡು ಹನಿ ಸವರಿ ಒರೆಸಿಬಿಡಿ. ಹೊಳೆಯುವ ತಿಳಿ ಬಣ್ಣದ ಮೇಪಲ್ ಆಗಿದ್ದರೆ ಎಣ್ಣೆ ಬೇಡ, ಅದರ ಮೇಲೆ ಲ್ಯಾಕರ್ ಇರುತ್ತದೆ. ಮುಂದಿನ ಸಲ ಸ್ಟ್ರಿಂಗ್ ಬದಲಿಸುವಾಗ ಹೊಸ ಸೆಟ್ ಕೈಯಲ್ಲಿ ಇಟ್ಟುಕೊಂಡೇ ಹಳೆಯದನ್ನು ಬಿಚ್ಚಿ.

ಅಳತೆ ಮಾಡಿದಾಗೆಲ್ಲ ಒಂದು ಚೀಟಿಯಲ್ಲಿ ಬರೆದು ಗಿಟಾರ್ ಕವರ್ ಒಳಗೆ ಇಡಿ. ಸ್ಟ್ರಿಂಗ್ ದಪ್ಪ, ನೆಕ್ ಸಂದಿ, 17ನೇ ಫ್ರೆಟ್ ಎತ್ತರ, ರಾಡ್ ಎಷ್ಟು ತಿರುಗಿಸಿದ್ದು, ಯಾವ ತಿಂಗಳು. ರಾಡ್ ತಿರುಗದಿದ್ದರೆ, ಫ್ರೆಟ್ ಎದ್ದಿದ್ದರೆ, ಅಥವಾ ಇ ಕಡೆ ಒಂದು ಸಂದಿ, ಜಿ ಕಡೆ ತೀರಾ ಬೇರೆ ಸಂದಿ ಬಂದು ನೆಕ್ ತಿರುಚಿದೆ ಅನ್ನಿಸಿದರೆ ರಿಪೇರಿಯವರ ಹತ್ತಿರ ಹೋಗುವಾಗ ಆ ಚೀಟಿಯನ್ನೂ ಕೊಡಿ. "ಝರ್ ಅನ್ನುತ್ತೆ, ಸರಿ ಮಾಡಿ" ಅನ್ನುವುದಕ್ಕಿಂತ "7ನೇ ಫ್ರೆಟ್‌ನಲ್ಲಿ ಸಂದಿ ಇಲ್ಲ, ರಾಡ್ ಪೂರ್ತಿ ಸಡಿಲ ಇದೆ" ಅಂದರೆ ಅವರು ನೇರ ಕೆಲಸಕ್ಕೆ ಇಳಿಯುತ್ತಾರೆ. ನೀವು ಅಳೆದ ಮೇಲೆ ಸಂದಿ ಎಷ್ಟು ಬಂತು, ಹಳೇ ಇ ಸ್ಟ್ರಿಂಗ್ ದಪ್ಪ ಎಷ್ಟಿತ್ತು ಅಂತ ನನಗೂ ಬರೆಯಿರಿ. ಯಾವ ಫ್ಲಾಟ್‌ವೌಂಡ್ ಸೆಟ್ ಹೊಂದುತ್ತದೆ ಅಂತ ಆ ಅಂಕಿ ನೋಡಿ ಹೇಳುತ್ತೇನೆ.